ಮುದ್ದೆ, ಕಾಳು, ಡಬ್ಬ: ಹಾಸನದ ಜಿಮ್ಮಿನಲ್ಲಿ ಪದೇ ಪದೇ ಕೇಳುವ ಪ್ರಶ್ನೆಗಳು

ಹಾಸನದ ಒಂದು ಚಿಕ್ಕ ಜಿಮ್ಮಿನಲ್ಲಿ ಹದಿನಾಲ್ಕು ವರ್ಷದಿಂದ ಜನರಿಗೆ ಕಬ್ಬಿಣ ಎತ್ತಿಸುತ್ತಿದ್ದೇನೆ. ಬರುವವರು ನಾನಾ ಥರ: ಇಂಜಿನಿಯರಿಂಗ್ ಹುಡುಗರು, ಪೊಲೀಸ್ ಕಾನ್‌ಸ್ಟೇಬಲ್ ಪರೀಕ್ಷೆಗೆ ಎದೆಯ ಸುತ್ತಳತೆ ಹೆಚ್ಚಿಸಿಕೊಳ್ಳಬೇಕಾದವರು, ಸಕಲೇಶಪುರದ ಕಡೆಯಿಂದ ಬೈಕಿನಲ್ಲಿ ಬರುವ, ಕಾಫಿ ತೋಟದ ಲೆಕ್ಕ ಬರೆಯುವ ಎಸ್ಟೇಟ್ ರೈಟರ್‌ಗಳು, ಮದುವೆಗೆ ಮೂರು ತಿಂಗಳಿದೆ ಎಂದು ಓಡಿ ಬರುವವರು. ಪ್ರಶ್ನೆಗಳು ಮಾತ್ರ ಅವೇ. ಹೇಳಿ ಹೇಳಿ ಗಂಟಲು ಒಣಗಿದ್ದರಿಂದ ಬರೆದಿಟ್ಟಿದ್ದೇನೆ. ನಾನು ಡಾಕ್ಟರಲ್ಲ. ಶುಗರ್, ಕಿಡ್ನಿ, ಲಿವರ್ ತೊಂದರೆ ಇರುವವರು, ಬಸುರಿ ಬಾಣಂತಿಯರು ಇದನ್ನು ಓದಿ ಊಟ ಬದಲಿಸಬೇಡಿ, ಮೊದಲು ನಿಮ್ಮ ಡಾಕ್ಟರ್ ಹತ್ತಿರ ಮಾತಾಡಿ.

ದಿನಕ್ಕೆ ಎಷ್ಟು ಪ್ರೋಟೀನ್ ತಗೋಬೇಕು ಸರ್?

ಭಾರ ಎತ್ತುವ ಅಭ್ಯಾಸ ಇರುವವರಿಗೆ ಮೈತೂಕದ ಪ್ರತಿ ಕಿಲೋಗೆ ಸುಮಾರು 1.6 ಗ್ರಾಂ. 65 ಕಿಲೋ ಹುಡುಗನಿಗೆ 104 ಗ್ರಾಂ ಆಯಿತು. ಕಿಲೋಗೆ 2.2 ಗ್ರಾಂ ದಾಟಿದ ಮೇಲೆ ಎಷ್ಟು ತಿಂದರೂ ಸ್ನಾಯುವಿಗೆ ಹೆಚ್ಚಿನ ಲಾಭವಿಲ್ಲ. ಕೇಂದ್ರದ ವೈದ್ಯಕೀಯ ಸಂಶೋಧನಾ ಮಂಡಳಿ ಐಸಿಎಂಆರ್ 2020ರಲ್ಲಿ ಹೇಳಿದ್ದು ಕಿಲೋಗೆ 0.83 ಗ್ರಾಂ ಮಾತ್ರವಲ್ಲವೇ ಎಂದು ಕೆಲವರು ಕೇಳುತ್ತಾರೆ. ಹೌದು, ಅದು ಸಾಮಾನ್ಯ ಆರೋಗ್ಯವಂತರಿಗೆ ಕೊರತೆ ಆಗದಿರಲಿ ಎಂದು ಹಾಕಿದ ಲೆಕ್ಕ. ತೋಳು ದಪ್ಪ ಮಾಡಿಕೊಳ್ಳುವವರ ಲೆಕ್ಕವಲ್ಲ.

ತೂಕ ನೂರು ಕಿಲೋ ದಾಟಿದವರು ಇರುವ ತೂಕಕ್ಕೆ ಗುಣಿಸಬೇಡಿ, ಇರಬೇಕಾದ ತೂಕಕ್ಕೆ ಗುಣಿಸಿ. ಕೊಬ್ಬಿಗೆ ಪ್ರೋಟೀನ್ ಊಟ ಹಾಕಬೇಕಾಗಿಲ್ಲ.

ಒಟ್ಟು ಮೊತ್ತವನ್ನು ಮೂರು ನಾಲ್ಕು ಹೊತ್ತಿಗೆ ಹಂಚಿಕೊಂಡರೆ ಸಾಕು. ವ್ಯಾಯಾಮ ಮುಗಿದ ಅರ್ಧ ಗಂಟೆಯೊಳಗೆ ಪ್ರೋಟೀನ್ ಶೇಕ್ ಕುಡಿಯದಿದ್ದರೆ ಎಲ್ಲ ವ್ಯರ್ಥ ಎಂಬುದು ಪ್ರೋಟೀನ್ ಪುಡಿಯ ಡಬ್ಬ ಮಾರುವವರು ಹಬ್ಬಿಸಿದ ಅವಸರ. ನಮ್ಮೂರಿನ ನಿಜವಾದ ತೊಂದರೆ ಬೆಳಗಿನ ತಿಂಡಿ. ಒಂದು ಪ್ಲೇಟ್ ಚಿತ್ರಾನ್ನ, ಜೊತೆಗೊಂದು ಬೋಂಡ ಅಂದರೆ ಹತ್ತು ಗ್ರಾಂ ಪ್ರೋಟೀನ್ ಕೂಡ ಆಗದು. ಬೆಳಗ್ಗೆ ಹೀಗೆ ಖಾಲಿ ಹೋದರೆ ರಾತ್ರಿ ಎಷ್ಟು ಬಡಿದುಕೊಂಡರೂ ನೂರು ಮುಟ್ಟುವುದು ಕಷ್ಟ.

ಜಿಮ್‌ಗೆ ಸೇರಿದ್ಮೇಲೆ ಮುದ್ದೆ ಬಿಡ್ಬೇಕಾ? ಓಟ್ಸ್ ತಿನ್ಬೇಕಂತೆ?

ಯಾರು ಹೇಳಿದ್ದಪ್ಪ? ನಮ್ಮ ಜಿಮ್ಮಿನ ಎದುರಿನ ಮೆಸ್ಸಿನಿಂದ ಒಂದು ಮುದ್ದೆ ತಂದು ಅಡುಗೆ ತಕ್ಕಡಿಯಲ್ಲಿಟ್ಟು ತೂಗಿದ್ದೆ. 310 ಗ್ರಾಂ ಬಂತು. "ಮುದ್ದೆ ತೂಗ್ತಾರೇನಪ್ಪ ಯಾರಾದ್ರೂ, ಬಂಗಾರಾನಾ ಅದು" ಎಂದು ಮೆಸ್ಸಿನ ಅಕ್ಕ ನಕ್ಕರು. ಅದರಲ್ಲಿ ರಾಗಿ ಹಿಟ್ಟು ಹೆಚ್ಚೂ ಕಮ್ಮಿ 100 ಗ್ರಾಂ, ಉಳಿದದ್ದು ನೀರು. ನೂರು ಗ್ರಾಂ ರಾಗಿಯಲ್ಲಿ ಸುಮಾರು 320 ಕ್ಯಾಲೊರಿ, 7 ಗ್ರಾಂ ಪ್ರೋಟೀನ್, 360 ಮಿಲಿಗ್ರಾಂ ಸುತ್ತಮುತ್ತ ಕ್ಯಾಲ್ಸಿಯಂ. ಅಷ್ಟೇ ತೂಕದ ಹಾಲಿಗಿಂತ ಕ್ಯಾಲ್ಸಿಯಂ ಮೂರು ಪಟ್ಟು. ನಾರಿನಂಶ ಚೆನ್ನಾಗಿರುವುದರಿಂದ ಹೊಟ್ಟೆ ಬೇಗ ಹಸಿಯುವುದಿಲ್ಲ. ಭಾರ ಎತ್ತುವವನಿಗೆ ಇದಕ್ಕಿಂತ ಒಳ್ಳೆ ಹಿಟ್ಟು ಬೇಕಿಲ್ಲ.

ತಪ್ಪು ಮುದ್ದೆಯದಲ್ಲ, ಎಣಿಕೆಯದು. ಹೊಲದಲ್ಲಿ ದಿನವಿಡೀ ಗುದ್ದಲಿ ಹಿಡಿದವರು ಎರಡು ಮುದ್ದೆ ನುಂಗುತ್ತಿದ್ದರು. ಅದೇ ಎರಡು ಮುದ್ದೆಯನ್ನು ಕಂಪ್ಯೂಟರ್ ಮುಂದೆ ಕೂರುವವನೂ ನುಂಗಿ, ಮೇಲೊಂದು ದಿಬ್ಬ ಅನ್ನ ಹಾಕಿಸಿಕೊಂಡರೆ ಹೊಟ್ಟೆ ಬರದೆ ಇನ್ನೇನು ಬರುತ್ತದೆ? ಒಂದು ಮುದ್ದೆ ಇರಲಿ. ಎರಡನೆಯದರ ಜಾಗಕ್ಕೆ ಕಾಳು ಬರಲಿ.

ರಾಗಿ, ಅಕ್ಕಿಯಂಥ ಧಾನ್ಯಗಳಲ್ಲಿ ಲೈಸಿನ್ ಎಂಬ ಅಮೈನೊ ಆಮ್ಲ (ಪ್ರೋಟೀನ್ ಕಟ್ಟುವ ಇಟ್ಟಿಗೆಗಳಲ್ಲೊಂದು) ಕಡಿಮೆ, ಕಾಳುಗಳಲ್ಲಿ ಅದು ಧಾರಾಳ. ಕಾಳಿನಲ್ಲಿ ಕಡಿಮೆ ಇರುವ ಮೆಥಿಯೊನಿನ್ ರಾಗಿಯಲ್ಲಿ ಚೆನ್ನಾಗಿದೆ. ಮುದ್ದೆಗೆ ಕಾಳುಸಾರು ಜೊತೆ ಮಾಡಿದ ಅಜ್ಜಿಯರಿಗೆ ಈ ಹೆಸರುಗಳು ಗೊತ್ತಿರಲಿಲ್ಲ, ಜೋಡಿ ಮಾತ್ರ ಸರಿಯಾಗಿ ಕೂಡಿಸಿದ್ದರು.

ಹುರುಳಿ ಕಟ್ಟು ಕುಡೀತೀನಿ ದಿನಾ. ಶಕ್ತಿಯೆಲ್ಲ ಕಟ್ಟಲ್ಲೇ ಇರುತ್ತಲ್ವಾ?

ಇಲ್ಲ. ನಮ್ಮ ಸೀಮೆಯಲ್ಲಿ ಪ್ರೋಟೀನ್ ಸೋರಿಹೋಗುವ ದೊಡ್ಡ ತೂತು ಇದೇ ಆದ್ದರಿಂದ ಸ್ವಲ್ಪ ಉದ್ದಕ್ಕೆ ಹೇಳುತ್ತೇನೆ.

ಒಣ ಹುರುಳಿಯಲ್ಲಿ ನೂರು ಗ್ರಾಂಗೆ ಸುಮಾರು 22 ಗ್ರಾಂ ಪ್ರೋಟೀನ್ ಇದೆ. ಬೇಯಿಸಿದಾಗ ಬಣ್ಣ, ಉಪ್ಪಿನಂಶ, ರುಚಿ, ಒಂದಿಷ್ಟು ಪಿಷ್ಟ ನೀರಿಗೆ ಇಳಿಯುತ್ತವೆ. ಪ್ರೋಟೀನ್ ಬಹುಪಾಲು ಕಾಳಿನೊಳಗೇ ಉಳಿಯುತ್ತದೆ. ನಮ್ಮಜ್ಜಿ ಕಟ್ಟನ್ನು ಬಸಿದು ನಮಗೆ ಸಾರು ಮಾಡಿ, ಬೆಂದ ಕಾಳನ್ನು ಎತ್ತುಗಳಿಗೆ ಹಾಕುತ್ತಿದ್ದಳು. ನಾವು ಐದು ಜನ ಮೊಮ್ಮಕ್ಕಳು ಕಡ್ಡಿಯಂತಿದ್ದೆವು, ಎತ್ತುಗಳು ಮೈ ತುಂಬಿಕೊಂಡು ಹೊಳೆಯುತ್ತಿದ್ದವು.

ಬಸ್ಸಾರಿನದೂ ಇದೇ ಕಥೆ. ಅಲಸಂದೆಯನ್ನೋ ಹೆಸರುಕಾಳನ್ನೋ ಸೊಪ್ಪಿನ ಜೊತೆ ಬೇಯಿಸಿ, ಬಸಿದ ನೀರಿಗೆ ಮಸಾಲೆ ರುಬ್ಬಿ ಹಾಕಿದರೆ ಸಾರು. ಬಸಿದು ಉಳಿದ ಕಾಳು ಸೊಪ್ಪಿಗೆ ಒಗ್ಗರಣೆ ಕೊಟ್ಟರೆ ಪಲ್ಯ. ಊಟಕ್ಕೆ ಕೂತವನ ತಟ್ಟೆ ನೋಡಿ. ನಡುವೆ ಮುದ್ದೆ, ಅದರ ಸುತ್ತ ಕೆರೆಯಂತೆ ಸಾರು, ಅಂಚಿನಲ್ಲಿ ನಿಂಬೆಹಣ್ಣಿನಷ್ಟು ಪಲ್ಯ. ಸಾರು ಮೂರು ಸಲ ಹಾಕಿಸಿಕೊಳ್ಳುತ್ತಾನೆ, ಪಲ್ಯ ಒಂದೇ ಸಲ, ಅದೂ "ಸಾಕಮ್ಮ" ಎಂದು ಕೈ ಅಡ್ಡ ಹಿಡಿದು. ಮಸೊಪ್ಪು, ಕಾಳುಸಾರು ಯಾವುದೇ ಇರಲಿ, ಸೌಟನ್ನು ಪಾತ್ರೆಯ ತಳಕ್ಕೆ ಇಳಿಸಿ ಬಡಿಸಿಕೊಳ್ಳಿ. ನಮ್ಮ ಹುಡುಗರಿಗೆ ನಾನು ಕೊಡುವ ಮೊದಲ ಡಯಟ್ ಪ್ಲಾನ್ ಇಷ್ಟೇ. ಒಂದು ಪೈಸೆ ಖರ್ಚಿಲ್ಲದೆ ದಿನಕ್ಕೆ ಹತ್ತು ಹದಿನೈದು ಗ್ರಾಂ ಮೇಲೇರಿದ್ದನ್ನು ಕಂಡಿದ್ದೇನೆ.

ಹುರುಳಿಯಲ್ಲಿ ಜೀರ್ಣಕ್ಕೆ ಅಡ್ಡ ಬರುವ ಅಂಶಗಳಿವೆ. ರಾತ್ರಿ ನೆನೆಸಿ, ಸಾಧ್ಯವಾದರೆ ಮೊಳಕೆ ಬರಿಸಿ, ಚೆನ್ನಾಗಿ ಬೇಯಿಸಿದರೆ ಅವು ಬಹಳ ಕಡಿಮೆಯಾಗುತ್ತವೆ, ಹೊಟ್ಟೆಯುಬ್ಬರವೂ ತಗ್ಗುತ್ತದೆ. ಮೊಳಕೆ ಕಾಳನ್ನು ಹಸಿಯಾಗಿ ಬೊಗಸೆಗಟ್ಟಲೆ ಮುಕ್ಕುವ ಶೂರರು ಪಕ್ಕದಲ್ಲಿ ವ್ಯಾಯಾಮ ಮಾಡುವವರ ಮೇಲೂ ದಯೆ ಇಡಿ.

ಅವರೆಕಾಯಿ ಸೀಸನ್ ಬಂದಾಗ ಇನ್ನೊಂದು ಗಮನ. ಸೊಗಡಿನ ಹಸಿ ಕಾಳಿನಲ್ಲಿ ನೀರಿನ ಪಾಲು ಹೆಚ್ಚು, ಒಣ ಕಾಳಿನ ಲೆಕ್ಕವನ್ನು ಅದಕ್ಕೆ ಹಾಕಬೇಡಿ. ಹಿತಕಿದ ಬೇಳೆ ಸಾರನ್ನು ಮಾತ್ರ ಲೆಕ್ಕ ಬಿಟ್ಟು ತಿನ್ನಿ, ವರ್ಷಕ್ಕೆ ಎರಡು ತಿಂಗಳು ತಾನೆ.

ನಮ್ಮನೇಲಿ ಮೊಟ್ಟೆನೂ ತರಲ್ಲ. ವೆಜ್ಜಲ್ಲಿ ನೂರು ಗ್ರಾಂ ಆಗುತ್ತಾ?

ಆಗುತ್ತದೆ, ಆದರೆ ತಾನಾಗಿ ಆಗುವುದಿಲ್ಲ, ಕೂತು ಲೆಕ್ಕ ಹಾಕಬೇಕು. 65 ಕಿಲೋ ತೂಕದ ಒಬ್ಬ ಹುಡುಗನಿಗೆ ನಾನು ಬರೆದುಕೊಟ್ಟದ್ದು: ಹಾಲು ಅರ್ಧ ಲೀಟರ್, 16 ಗ್ರಾಂ. ಮೊಸರು 200 ಗ್ರಾಂ, 6. ಸೋಯಾ ಚಂಕ್ಸ್ ಒಣಗಿದ್ದು 40 ಗ್ರಾಂ, 20. ಹುರುಳಿ, ಅಲಸಂದೆ ಇವುಗಳಲ್ಲಿ ಯಾವುದಾದರೂ ಒಣ ಕಾಳು 80 ಗ್ರಾಂ, 17 ರಿಂದ 18. ತೊಗರಿಬೇಳೆ 40 ಗ್ರಾಂ, 9. ಕಡಲೆಕಾಯಿ ಬೀಜ ಒಂದು ಹಿಡಿ, 7. ಒಂದು ಮುದ್ದೆ, 7. ಅಕ್ಕಿ 150 ಗ್ರಾಂ, 11. ಕೂಡಿದರೆ 93, 94 ಬರುತ್ತದೆ. ಇದಕ್ಕೆ 50 ಗ್ರಾಂ ಪನ್ನೀರ್ ಸೇರಿದರೆ 9 ಹೆಚ್ಚಿ ಗುರಿ ಮುಟ್ಟಿದ ಹಾಗೆ.

ಸೋಯಾ ತಿಂದರೆ ಗಂಡಸ್ತನ ಹೋಗುತ್ತದಂತೆ ಎಂದು ಅವನೇ ಮೆಲ್ಲಗೆ ಕೇಳಿದ. ದಿನಕ್ಕೆ ನಲವತ್ತು ಐವತ್ತು ಗ್ರಾಂ ಚಂಕ್ಸ್‌ಗೆ ಹಾಗೇನೂ ಆಗುವುದಿಲ್ಲ. ಗಂಡಸರ ಮೇಲೆ ನಡೆದ ಅಧ್ಯಯನಗಳಲ್ಲಿ ಸೋಯಾದಿಂದ ಗಂಡಸರ ಹಾರ್ಮೋನಾದ ಟೆಸ್ಟೋಸ್ಟೆರಾನ್ ಇಳಿದದ್ದು ಕಂಡಿಲ್ಲ.

ಸಸ್ಯಾಹಾರಿಗಳು ಪ್ರೋಟೀನಿಗಿಂತ ಮೊದಲು ನೋಡಿಕೊಳ್ಳಬೇಕಾದದ್ದು ವಿಟಮಿನ್ ಬಿ12. ಅದು ಕಾಳು ಸೊಪ್ಪುಗಳಲ್ಲಿಲ್ಲ, ಹಾಲು ಮೊಸರಿನಲ್ಲಿ ಸ್ವಲ್ಪ ಇದೆ. ಸದಾ ಸುಸ್ತು, ಕೈಕಾಲು ಜೋಮು ಇದ್ದರೆ ಒಮ್ಮೆ ರಕ್ತ ಪರೀಕ್ಷೆ ಮಾಡಿಸಿ. ಅದೇ ಸಲ ವಿಟಮಿನ್ ಡಿಯನ್ನೂ ನೋಡಿಸಿ. ಬಿಸಿಲಿನ ನಾಡಿನಲ್ಲಿದ್ದರೂ ನಾವು ಬಿಸಿಲಿಗೆ ಮೈ ಒಡ್ಡುವವರಲ್ಲ.

ಹಸಿ ಮೊಟ್ಟೆ ಒಡೆದು ಕುಡಿದ್ರೆ ಜಾಸ್ತಿ ಪವರ್ರಾ?

ಉಲ್ಟಾ. ಬೇಯಿಸಿದ ಮೊಟ್ಟೆಯ ಪ್ರೋಟೀನ್ ನೂರಕ್ಕೆ ತೊಂಬತ್ತರಷ್ಟು ದೇಹಕ್ಕೆ ಸೇರುತ್ತದೆ, ಹಸಿಯದು ಅರ್ಧ. ಜೊತೆಗೆ ಹೊಟ್ಟೆ ಕೆಡಿಸುವ ಸಾಲ್ಮೊನೆಲ್ಲಾ ರೋಗಾಣುವಿನ ಭಯ. ಬೇಯಿಸಿ ತಿನ್ನಿ. ಹಳದಿಯನ್ನು ಎಸೆಯಬೇಡಿ, ಒಂದು ಮೊಟ್ಟೆಯ 6 ಗ್ರಾಂ ಪ್ರೋಟೀನಿನಲ್ಲಿ ಹೆಚ್ಚೂ ಕಡಿಮೆ ಅರ್ಧ ಅದರಲ್ಲೇ ಇದೆ. ಕೊಲೆಸ್ಟರಾಲ್ ತೊಂದರೆ ಇರುವವರು ಮಾತ್ರ ಡಾಕ್ಟರ್ ಹೇಳಿದಷ್ಟು.

ವೇ ಪ್ರೋಟೀನ್ ಅಂದ್ರೆ ಏನು? ಕೆಮಿಕಲ್ಲಾ?

ಹಾಲು ಒಡೆದು ಪನ್ನೀರ್ ಮಾಡಿದಾಗ ಕೆಳಗೆ ಹಸಿರುಮಿಶ್ರಿತ ತಿಳಿನೀರು ಉಳಿಯುತ್ತದಲ್ಲ, ಅದರ ಬಂಧು. ಕಾರ್ಖಾನೆಯಲ್ಲಿ ಚೀಸ್ ಮಾಡುವಾಗ ಉಳಿದ ನೀರನ್ನು ಸೋಸಿ, ಒಣಗಿಸಿ ಪುಡಿ ಮಾಡಿದರೆ ವೇ. ಕಾನ್ಸಂಟ್ರೇಟ್ ಎಂದರೆ ನೂರಕ್ಕೆ 70-80 ಭಾಗ ಪ್ರೋಟೀನ್, ಐಸೊಲೇಟ್ ಎಂದರೆ 90ರ ಹತ್ತಿರ, ಹಾಲಿನ ಸಕ್ಕರೆಯಾದ ಲ್ಯಾಕ್ಟೋಸ್ ತೀರಾ ಕಡಿಮೆ. ಹಾಲು ಕುಡಿದರೆ ಹೊಟ್ಟೆ ಗುಡುಗುಡು ಎನ್ನುವವರಿಗೆ ಕಾನ್ಸಂಟ್ರೇಟ್ ಕೂಡ ಗುಡುಗಿಸುತ್ತದೆ. ಮನೆಯ ಪನ್ನೀರ್ ನೀರಿನಲ್ಲಿ ಪ್ರೋಟೀನ್ ನೂರಕ್ಕೆ ಒಂದು ಭಾಗವೂ ಇರದು. ಅದನ್ನು ಚೆಲ್ಲದೆ ಚಪಾತಿ ಹಿಟ್ಟಿಗೆ ಹಾಕಿ, ಆದರೆ ಡಬ್ಬದ ದುಡ್ಡು ಉಳಿಯಿತು ಎಂದುಕೊಳ್ಳಬೇಡಿ.

ಹಾಗಾದ್ರೆ ತಗೊಳ್ಳೋದಾ ಬೇಡ್ವಾ?

ಅದು ಔಷಧಿಯಲ್ಲ, ವಿಷವೂ ಅಲ್ಲ, ದುಬಾರಿ ಹಾಲಿನಪುಡಿ. ಮೇಲೆ ಬರೆದ ಸಸ್ಯಾಹಾರಿ ಲೆಕ್ಕದಲ್ಲಿ ದಿನಾ ಹತ್ತು ಹದಿನೈದು ಗ್ರಾಂ ಕಮ್ಮಿ ಬೀಳುತ್ತಿದ್ದರೆ, ಹಾಸ್ಟೆಲಿನ ಊಟವಾಗಿದ್ದರೆ, ಬೆಳಗ್ಗೆ ಆರರ ಬಸ್ಸಿಗೆ ಓಡುವವರಾಗಿದ್ದರೆ ಒಂದು ಸ್ಕೂಪ್ (ಡಬ್ಬದ ಅಳತೆ ಚಮಚ) ಅನುಕೂಲ. ಐಸಿಎಂಆರ್‌ನ ಪೌಷ್ಟಿಕತೆ ಸಂಸ್ಥೆ 2024ರ ಆಹಾರ ಮಾರ್ಗಸೂಚಿಯಲ್ಲಿ ಮೈ ಬೆಳೆಸಲು ಪ್ರೋಟೀನ್ ಪುಡಿ ಬೇಡ ಎಂದೇ ಹೇಳಿತು. ಅಷ್ಟು ಖಡಾಖಂಡಿತವಾಗಿ ನಾನು ಹೇಳುವುದಿಲ್ಲ. ಆದರೆ ಊಟ ಸರಿಮಾಡಿಕೊಳ್ಳದೆ ಪುಡಿಗೆ ಕೈ ಹಾಕುವವನಿಗೆ ನಾನೂ ಬೇಡ ಎನ್ನುತ್ತೇನೆ.

ದುಡ್ಡಿನ ಲೆಕ್ಕ ಹೀಗೆ ಹಾಕಿ: ಬೆಲೆಯನ್ನು ಅದರಲ್ಲಿರುವ ಪ್ರೋಟೀನ್ ಗ್ರಾಮಿನಿಂದ ಭಾಗಿಸಿ. ಮೊಟ್ಟೆಗೆ ಏಳು ರೂಪಾಯಿ ಅಂದರೆ ಗ್ರಾಂಗೆ ಒಂದು ರೂಪಾಯಿ ಚಿಲ್ಲರೆ. ಸೋಯಾ ಚಂಕ್ಸ್ ಕಿಲೋಗೆ ನೂರೈವತ್ತು ಅಂದರೆ, ಕಿಲೋದಲ್ಲಿ 520 ಗ್ರಾಂ ಪ್ರೋಟೀನ್, ಗ್ರಾಂಗೆ ಮೂವತ್ತು ಪೈಸೆ. ಕಿಲೋಗೆ ಎರಡೂವರೆ ಸಾವಿರದ ವೇಯಲ್ಲಿ ಗ್ರಾಂಗೆ ಮೂರು ರೂಪಾಯಿ ದಾಟುತ್ತದೆ. ಕಟ್ಟಿನಕೆರೆ ಮಾರುಕಟ್ಟೆಯಲ್ಲಿ ಚೀಲ ಹಿಡಿದು ನಿಂತು ಈ ಭಾಗಾಕಾರ ಮಾಡಿದವನು ಮತ್ತೆ ಡಬ್ಬದ ಮೇಲಿನ ಚಿತ್ರ ನೋಡಿ ಮರುಳಾಗುವುದು ಕಡಿಮೆ.

ಡಬ್ಬ ಅಸಲಿಯೋ ನಕಲಿಯೋ ಹೇಗೆ ಗೊತ್ತಾಗುತ್ತೆ?

ಪೂರ್ತಿ ಗೊತ್ತಾಗುವುದು ಲ್ಯಾಬಿನಲ್ಲಿ ಮಾತ್ರ. 2024ರಲ್ಲಿ ಕೇರಳದ ವೈದ್ಯರ ತಂಡವೊಂದು ನಮ್ಮ ದೇಶದಲ್ಲಿ ಮಾರಾಟವಾಗುವ 36 ಪ್ರೋಟೀನ್ ಪುಡಿಗಳನ್ನು ಪರೀಕ್ಷಿಸಿ ಪ್ರಕಟಿಸಿದಾಗ, ನೂರಕ್ಕೆ ಸುಮಾರು 70ರಷ್ಟರಲ್ಲಿ ಲೇಬಲ್ ಮೇಲಿನ ಪ್ರೋಟೀನ್ ಅಂಕಿ ಸರಿಯಿರಲಿಲ್ಲ.

ಮೋಸ ನಡೆಯುವ ದಾರಿ ತಿಳಿದಿರಲಿ. ಪ್ರೋಟೀನನ್ನು ಸಾಮಾನ್ಯವಾಗಿ ನೇರವಾಗಿ ಅಳೆಯುವುದಿಲ್ಲ, ಪುಡಿಯಲ್ಲಿರುವ ಸಾರಜನಕವನ್ನು ಅಳೆದು 6.25ರಿಂದ ಗುಣಿಸುತ್ತಾರೆ. ಗ್ಲೈಸಿನ್, ಟಾರಿನ್‌ನಂಥ ಅಗ್ಗದ ಪುಡಿಗಳಲ್ಲೂ ಸಾರಜನಕ ಇದೆ. ಅವನ್ನು ಬೆರೆಸಿದರೆ ಅಳತೆಯಲ್ಲಿ ಪ್ರೋಟೀನ್ ಏರುತ್ತದೆ, ಸ್ನಾಯುವಿಗೆ ಸಿಗುವುದು ಏರುವುದಿಲ್ಲ. ಆದ್ದರಿಂದ ಪದಾರ್ಥಗಳ ಪಟ್ಟಿಯಲ್ಲಿ ಈ ಹೆಸರುಗಳು ಕಂಡರೆ ಡಬ್ಬ ಕೆಳಗಿಡಿ. 30 ಗ್ರಾಂ ಸ್ಕೂಪಿಗೆ 24 ಗ್ರಾಂ ಪ್ರೋಟೀನ್ ಎಂದರೆ ಸರಿ, 15 ಎಂದರೆ ಉಳಿದರ್ಧ ಏನು ಎಂದು ಕೇಳಿ. ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐ ಕೊಡುವ ಪರವಾನಗಿ ಸಂಖ್ಯೆ 14 ಅಂಕಿಯದು, ಅವರ ಜಾಲತಾಣದಲ್ಲಿ ಹಾಕಿ ನೋಡಬಹುದು. ಹೊರದೇಶದ ಡಬ್ಬದ ಮೇಲೆ ಇಲ್ಲಿಗೆ ತರಿಸಿದವರ ಹೆಸರು, ವಿಳಾಸ ಇರಲೇಬೇಕು. "ದುಬೈಯಿಂದ ಫ್ರೆಂಡ್ ತಂದಿದ್ದು, ಅರ್ಧ ರೇಟು" ಎಂದು ಜಿಮ್ಮಿನ ಬಾಗಿಲಲ್ಲಿ ಬ್ಯಾಗ್ ಬಿಚ್ಚುವವರನ್ನು ನಾನು ಒಳಗೇ ಬಿಡುವುದಿಲ್ಲ.

ಮಾಸ್ ಗೇನರ್ ತಗೊಂಡ್ರೆ ಬೇಗ ದಪ್ಪ ಆಗ್ತೀವಾ?

ಆಗುತ್ತೀರಿ, ಹೊಟ್ಟೆಯ ಕಡೆ. ಕಾಲೇಜಿನಲ್ಲಿದ್ದಾಗ ಎರಡು ತಿಂಗಳ ಮೆಸ್ ದುಡ್ಡು ಉಳಿಸಿ ಒಂದು ದೊಡ್ಡ ಡಬ್ಬ ತಂದಿದ್ದೆ. ಕಂಪನಿ ಹೆಸರು ಬೇಡ. ದಿನಾ ಮೂರು ದೊಡ್ಡ ಸ್ಕೂಪ್ ಹಾಲಿಗೆ ಕದಡಿ ಕುಡಿದೆ. ತಿಂಗಳಲ್ಲಿ ನಾಲ್ಕು ಕಿಲೋ ಏರಿದೆ, ರೂಮಿನ ಗೆಳೆಯರೆಲ್ಲ ಬೆನ್ನು ತಟ್ಟಿದರು. ಪ್ಯಾಂಟಿನ ಗುಂಡಿ ಹಾಕಲು ಬರದಿದ್ದಾಗ ಡಬ್ಬ ತಿರುಗಿಸಿ ಹಿಂಬದಿ ಓದಿದೆ. ನೂರು ಗ್ರಾಂಗೆ ಪ್ರೋಟೀನ್ 15, ಪಿಷ್ಟ ಸಕ್ಕರೆ ಸೇರಿ 75. ಮೊದಲ ಪದಾರ್ಥ ಮಾಲ್ಟೋಡೆಕ್ಸ್‌ಟ್ರಿನ್, ಎಂದರೆ ಬೇಗ ಸಕ್ಕರೆಯಾಗುವ ಪಿಷ್ಟದ ಪುಡಿ. ಉಳಿದ ಅರ್ಧ ಡಬ್ಬವನ್ನು ಇರುವೆಗಳು ತಿಂದವು.

ನಿಜಕ್ಕೂ ಕಡ್ಡಿಯಂತಿದ್ದು ತೂಕ ಏರದವರು ಹಾಲು, ಎರಡು ಬಾಳೆಹಣ್ಣು, ಹುರಿದ ಕಡಲೆಕಾಯಿ, ಒಂದು ಚಮಚ ಹುರಿಹಿಟ್ಟು, ಸ್ವಲ್ಪ ಬೆಲ್ಲ ಹಾಕಿ ಮಿಕ್ಸಿಯಲ್ಲಿ ತಿರುಗಿಸಿ. ಕ್ಯಾಲೊರಿ 500ರ ಸುತ್ತಮುತ್ತ ಬರುತ್ತದೆ. ತೂಕ ತಿಂಗಳಿಗೆ ಒಂದು ಕಿಲೋ ಏರಿದರೆ ಸಾಕು. ಅದಕ್ಕಿಂತ ವೇಗವಾಗಿ ಏರಿದ್ದರಲ್ಲಿ ಹೆಚ್ಚಿನದು ಕೊಬ್ಬು.

ಕ್ರಿಯೇಟಿನ್ ತಗೊಂಡ್ರೆ ಕಿಡ್ನಿ ಹೋಗುತ್ತಂತೆ, ಕೂದಲು ಉದುರುತ್ತಂತೆ?

ಇಡೀ ಅಂಗಡಿಯಲ್ಲಿ ಕೊಟ್ಟ ದುಡ್ಡಿಗೆ ಮೋಸವಿಲ್ಲದ ಸಪ್ಲಿಮೆಂಟ್ ಇದ್ದರೆ ಅದು ಕ್ರಿಯೇಟಿನ್ ಮೊನೊಹೈಡ್ರೇಟ್. ಇದು ನಮ್ಮ ದೇಹವೇ ತಯಾರಿಸುವ, ಮಾಂಸ ಮೀನಿನಲ್ಲೂ ಇರುವ ವಸ್ತು. ಭಾರ ಎತ್ತುವ ಮೊದಲ ಹತ್ತು ಸೆಕೆಂಡಿಗೆ ಬೇಕಾದ ಶಕ್ತಿಯನ್ನು ಸ್ನಾಯು ಇದರಿಂದ ಬೇಗ ತುಂಬಿಕೊಳ್ಳುತ್ತದೆ. ಹಾಗಾಗಿ ಎಂಟು ಸಲ ಎತ್ತುವವನು ಒಂಬತ್ತು ಸಲ ಎತ್ತಬಹುದು. ಆ ಒಂದು ಸಲವೇ ತಿಂಗಳುಗಟ್ಟಲೆ ಕೂಡಿ ಸ್ನಾಯುವಾಗುತ್ತದೆ. ಸಸ್ಯಾಹಾರಿಗಳ ಸ್ನಾಯುವಿನಲ್ಲಿ ಇದರ ಸಂಗ್ರಹ ಕಡಿಮೆ ಇರುವುದರಿಂದ ಅವರಿಗೆ ಲಾಭ ಚೆನ್ನಾಗಿ ಕಾಣುತ್ತದೆ. ದಿನಕ್ಕೆ 3 ರಿಂದ 5 ಗ್ರಾಂ, ಯಾವ ಹೊತ್ತಿನಲ್ಲಾದರೂ, ನೀರಿನಲ್ಲಿ. ಮೊದಲ ವಾರ 20 ಗ್ರಾಂ ಹಾಕಿ "ಲೋಡಿಂಗ್" ಮಾಡುವುದು ಕಡ್ಡಾಯವಲ್ಲ, ಹಾಗೆ ಮಾಡಿದವರು ಬಚ್ಚಲಿಗೆ ಓಡಿದ್ದೇ ಹೆಚ್ಚು. ಒಂದೆರಡು ಕಿಲೋ ತೂಕ ಏರಿದರೆ ಹೆದರಬೇಡಿ, ಸ್ನಾಯು ಹಿಡಿದುಕೊಂಡ ನೀರು ಅದು.

ಕಿಡ್ನಿಯ ಮಾತು ಹುಟ್ಟಿದ್ದು ಹೆಸರಿನ ಗೊಂದಲದಿಂದ. ಕ್ರಿಯೇಟಿನ್ ಒಡೆದು ಕ್ರಿಯಾಟಿನಿನ್ ಆಗುತ್ತದೆ; ಕಿಡ್ನಿ ಪರೀಕ್ಷೆಯಲ್ಲಿ ನೋಡುವುದು ಈ ಎರಡನೆಯದನ್ನು. ಪುಡಿ ತಿನ್ನುವವನ ರಿಪೋರ್ಟಿನಲ್ಲಿ ಅದು ತುಸು ಮೇಲೆ ಕಾಣಬಹುದು, ಕಿಡ್ನಿ ಕೆಟ್ಟಿದೆ ಎಂದು ಅರ್ಥವಲ್ಲ. ರಕ್ತ ಕೊಡುವ ಮುಂಚೆ ಡಾಕ್ಟರಿಗೆ "ಇಂಥದ್ದು ತಗೋತಿದ್ದೀನಿ" ಎಂದು ಹೇಳಿ. ಮೊದಲೇ ಕಿಡ್ನಿ ತೊಂದರೆ ಇದ್ದವರು ಮುಟ್ಟಬೇಡಿ.

ಕೂದಲಿನ ಕಥೆ 2009ರದು. ಇಪ್ಪತ್ತು ರಗ್ಬಿ ಆಟಗಾರರಿಗೆ ಕೊಟ್ಟು ನೋಡಿದಾಗ ಬೋಳುತಲೆಗೆ ನಂಟಿರುವ ಡಿಎಚ್‌ಟಿ ಹಾರ್ಮೋನು ಏರಿತ್ತು. ಅವರ ತಲೆಗೂದಲನ್ನು ಯಾರೂ ಎಣಿಸಿರಲಿಲ್ಲ! ಅಪ್ಪ, ತಾತ ಇಬ್ಬರದೂ ಬೋಳುತಲೆಯಾಗಿದ್ದರೆ ಡಬ್ಬವನ್ನು ಬೈದು ಪ್ರಯೋಜನವಿಲ್ಲ.

ಬಿಸಿಎಎ, ಗ್ಲುಟಮಿನ್, ಟೆಸ್ಟೋ ಬೂಸ್ಟರ್?

ಮೊದಲೆರಡು ಊಟದ ಪ್ರೋಟೀನಿನಲ್ಲೇ ಇರುವ ಅಮೈನೊ ಆಮ್ಲಗಳು, ಪ್ರೋಟೀನ್ ಸಾಕಷ್ಟು ತಿನ್ನುವವನಿಗೆ ಬೇಕಿಲ್ಲ. ಟೆಸ್ಟೋಸ್ಟೆರಾನ್ ಏರಿಸುತ್ತದೆ ಎಂದು ಮಾರುವ ಮೂರನೆಯದು ಯಾರಿಗೂ ಬೇಕಿಲ್ಲ.

ಹೊಟ್ಟೆ ಮಾತ್ರ ಕರಗಬೇಕು ಸರ್, ಬೇರೆಲ್ಲ ಸರಿ ಇದೆ.

ಹೊಟ್ಟೆಗೆ ಎಷ್ಟು ಕ್ರಂಚಸ್ ಹೊಡೆದರೂ ಹೊಟ್ಟೆಯ ಕೊಬ್ಬೇ ಕರಗುವುದಿಲ್ಲ. ಕೊಬ್ಬು ಮೈಯೆಲ್ಲದರಿಂದ ತನ್ನ ಕ್ರಮದಲ್ಲಿ ಇಳಿಯುತ್ತದೆ, ಗಂಡಸರಿಗೆ ಹೊಟ್ಟೆ ಸಾಮಾನ್ಯವಾಗಿ ಕೊನೆಯ ಸರದಿ. ಇಳಿಯಬೇಕಾದರೆ ಖರ್ಚಿಗಿಂತ ತಿನ್ನುವುದು ಕಮ್ಮಿಯಾಗಬೇಕು. ಒಂದು ಕಿಲೋ ಕೊಬ್ಬಿನಲ್ಲಿ ಹತ್ತಿರ ಹತ್ತಿರ 7,700 ಕ್ಯಾಲೊರಿ ಇದೆ. ದಿನಕ್ಕೆ 500 ಕಮ್ಮಿ ತಿಂದರೆ ವಾರಕ್ಕೆ ಅರ್ಧ ಕಿಲೋ ಇಳಿಯುತ್ತದೆ. ಇದಕ್ಕಿಂತ ಜೋರಾಗಿ ಹೋದರೆ ಸ್ನಾಯುವೂ ಜೊತೆಗೇ ಹೊರಡುತ್ತದೆ. ಅದು ಉಳಿಯಲೆಂದೇ ಇಳಿಸುವ ದಿನಗಳಲ್ಲಿ ಪ್ರೋಟೀನನ್ನು ತಗ್ಗಿಸಬಾರದು, ಭಾರ ಎತ್ತುವುದನ್ನು ಬಿಡಬಾರದು.

ಆ 500 ಎಲ್ಲಿಂದ ಬರುತ್ತದೆ? ಒಂದು ದೊಡ್ಡ ಚಮಚ ಎಣ್ಣೆ 120 ಕ್ಯಾಲೊರಿ. ಒಗ್ಗರಣೆಗೆ ಬಾಟಲಿ ಬಗ್ಗಿಸುವ ಕೈಗೆ ಚಮಚ ಕೊಟ್ಟರೆ ಮೊದಲ ಗೆಲುವು ಅಲ್ಲೇ. ಎರಡು ಚಮಚ ಸಕ್ಕರೆಯ ಕಾಫಿ ದಿನಕ್ಕೆ ಐದು ಲೋಟ ಎಂದರೆ ಸಕ್ಕರೆಯೊಂದೇ ಇನ್ನೂರರ ಹತ್ತಿರ. ಎರಡನೇ ಸಲದ ಅನ್ನ ಇನ್ನೊಂದು ಇನ್ನೂರು. ಮುಗಿಯಿತು, ಯಾರೂ ಉಪವಾಸ ಬೀಳಲಿಲ್ಲ. ಕಾಯಿತುರಿಯ ಬಗ್ಗೆ ತೆಂಗಿನ ಸೀಮೆಯಾದ ಅರಸೀಕೆರೆ ಕಡೆಯವರ ಹತ್ತಿರ ಮಾತಾಡಲು ನನಗೆ ಧೈರ್ಯವಿಲ್ಲ, ಆದರೆ ಅದರಲ್ಲೂ ಮೂರನೇ ಒಂದು ಭಾಗ ಕೊಬ್ಬೇ.

ಬೆಳಗ್ಗೆ ಬಿಸಿನೀರು, ಜೇನು, ನಿಂಬೆಹಣ್ಣು?

ಬಾಯಾರಿಕೆ ಕರಗುತ್ತದೆ.

ಫ್ಯಾಟ್ ಬರ್ನರ್, ಪ್ರೀ-ವರ್ಕೌಟ್ ಬದಲು ನಮ್ಮ ಕಾಫಿನೇ ಕುಡಿಯಬಹುದಾ?

ಚಿಕ್ಕಮಗಳೂರು ಪಕ್ಕದಲ್ಲಿಟ್ಟುಕೊಂಡು ಡಬ್ಬದ ಕೆಫೀನ್ ಕೊಳ್ಳುವುದು ಹೇಮಾವತಿ ದಂಡೆಯಲ್ಲಿ ನಿಂತು ಬಾಟಲಿ ನೀರು ಕೊಂಡಂತೆ. ಕೊಬ್ಬು ಕರಗಿಸಲು, ವ್ಯಾಯಾಮಕ್ಕೆ ಮುಂಚೆ ಚುರುಕಾಗಲು ಎಂದು ಮಾರುವ ಈ ಪುಡಿಗಳಲ್ಲಿ ಕೆಲಸ ಮಾಡುವ ಮುಖ್ಯ ವಸ್ತು ಕೆಫೀನೇ. ಮೈತೂಕದ ಕಿಲೋಗೆ 3 ಮಿಲಿಗ್ರಾಂ, ಎಂದರೆ 70 ಕಿಲೋಗೆ 210 ಮಿಲಿಗ್ರಾಂ, ವ್ಯಾಯಾಮಕ್ಕೆ ಮುಕ್ಕಾಲು ಗಂಟೆ ಮೊದಲು ತೆಗೆದುಕೊಂಡರೆ ಚುರುಕು ಹೆಚ್ಚುವುದು ನಿಜ. ಎರಡು ಲೋಟ ಗಟ್ಟಿ ಕಾಫಿಯಲ್ಲಿ ಅಷ್ಟು ಬಂದೀತು, ಪುಡಿ ಯಾವುದು ಎನ್ನುವುದರ ಮೇಲೆ. ರೊಬಸ್ಟಾದಲ್ಲಿ ಅರೇಬಿಕಾಕ್ಕಿಂತ ಹೆಚ್ಚೂ ಕಡಿಮೆ ಎರಡು ಪಟ್ಟು ಕೆಫೀನ್. ಚಿಕೋರಿಯಲ್ಲಿ ಸೊನ್ನೆ. ಮೂವತ್ತು ಭಾಗ ಚಿಕೋರಿ ಬೆರೆತ ಪುಡಿಯ ಬೈಟು ಕಾಫಿ ಕುಡಿದು ಡೆಡ್‌ಲಿಫ್ಟಿಗೆ ನಿಂತವನಿಗೆ ಸಿಕ್ಕಿದ್ದು ಪರಿಮಳವಷ್ಟೆ. ಮೂಡಿಗೆರೆ ಕಡೆಯ ನಮ್ಮ ಹುಡುಗನೊಬ್ಬ ಮನೆಯ ರೊಬಸ್ಟಾ ಹುರಿದು, ಚಿಕೋರಿ ಇಲ್ಲದೆ ಡಿಕಾಕ್ಷನ್ ಇಳಿಸಿ, ಬೆಲ್ಲ ಕೂಡ ಹಾಕದೆ ಫ್ಲಾಸ್ಕಿನಲ್ಲಿ ತರುತ್ತಾನೆ. ಒಮ್ಮೆ ನನಗೂ ಅರ್ಧ ಲೋಟ ಕೊಟ್ಟ. ಅವತ್ತು ರಾತ್ರಿ ಎರಡರವರೆಗೆ ಜಿಮ್ಮಿನ ಲೆಕ್ಕಪತ್ರವೆಲ್ಲ ಬರೆದು ಮುಗಿಸಿದೆ.

ಅಲ್ಲೇ ಎಚ್ಚರಿಕೆಯೂ ಇದೆ. ಕುಡಿದ ಕೆಫೀನಿನಲ್ಲಿ ಅರ್ಧ ಐದಾರು ಗಂಟೆಯಾದರೂ ರಕ್ತದಲ್ಲೇ ಇರುತ್ತದೆ. ಸಂಜೆ ಏಳಕ್ಕೆ ಜಿಮ್ಮಿಗೆ ಬರುವವರು ಕುಡಿಯಬೇಡಿ. ಸ್ನಾಯು ಕಟ್ಟುವುದು ನಿದ್ದೆಯಲ್ಲಿ. ದಿನಕ್ಕೆ ಒಟ್ಟು 400 ಮಿಲಿಗ್ರಾಂ ದಾಟದಿರಲಿ. ಊಟದ ಜೊತೆಗೇ ಕಾಫಿ ಕುಡಿದರೆ ಸೊಪ್ಪು ರಾಗಿಯ ಕಬ್ಬಿಣಾಂಶ ದೇಹಕ್ಕೆ ಹತ್ತುವುದು ಕಡಿಮೆಯಾಗುತ್ತದೆ. ರಕ್ತ ಕಡಿಮೆ ಇರುವ ಹೆಣ್ಣುಮಕ್ಕಳು ಊಟಕ್ಕೂ ಕಾಫಿಗೂ ಒಂದು ಗಂಟೆ ಅಂತರ ಇಡಿ.

ಫ್ಯಾಟ್ ಬರ್ನರ್ ಹೆಸರಿನಲ್ಲಿ ಗುಟ್ಟಾಗಿ ಬರುವ ಕ್ಲೆನ್‌ಬ್ಯುಟರಾಲ್, ಡಿಎನ್‌ಪಿ ಮಾತ್ರೆಗಳ ಬಗ್ಗೆ ತಮಾಷೆಯಿಲ್ಲ. ಡಿಎನ್‌ಪಿ ಮೈಯನ್ನು ಒಳಗಿನಿಂದ ಬೇಯಿಸಿ ಜನರನ್ನು ಕೊಂದಿದೆ.

ಒಂದು ಕೋರ್ಸ್ ಇಂಜೆಕ್ಷನ್ ಹಾಕಿಸ್ಕೊಂಡ್ರೆ ಏನಾಗುತ್ತೆ ಅಣ್ಣ? ಎಲ್ಲಾರೂ ಹಾಕಿಸ್ಕೋತಾರಂತೆ.

ಈ ಇಂಜೆಕ್ಷನ್ ಎಂದರೆ ಸ್ಟೆರಾಯ್ಡ್, ಟೆಸ್ಟೋಸ್ಟೆರಾನ್ ಅಥವಾ ಅದರಂಥದ್ದು. ಮೂರು ತಿಂಗಳಲ್ಲಿ ಮೈ ಬರುತ್ತದೆ, ಅದನ್ನು ಸುಳ್ಳು ಎನ್ನಲಾರೆ. ಹೊರಗಿನಿಂದ ಟೆಸ್ಟೋಸ್ಟೆರಾನ್ ಬಂದಾಗ ದೇಹ ತನ್ನ ಉತ್ಪಾದನೆ ನಿಲ್ಲಿಸುತ್ತದೆ. ವೃಷಣ ಕುಗ್ಗುತ್ತದೆ, ವೀರ್ಯಾಣು ಇಳಿಯುತ್ತದೆ, ಕೆಲವರಿಗೆ ಎದೆಯಲ್ಲಿ ಹೆಂಗಸರಂತೆ ಗಂಟು ಕಟ್ಟುತ್ತದೆ, ಒಳ್ಳೆಯ ಕೊಲೆಸ್ಟರಾಲ್ ಕುಸಿಯುತ್ತದೆ, ಹೃದಯದ ಗೋಡೆ ದಪ್ಪಗಾಗುತ್ತದೆ. ನಿಲ್ಲಿಸಿದ ಮೇಲೆ ಸ್ವಂತದ್ದು ಮತ್ತೆ ಶುರುವಾಗಲು ತಿಂಗಳುಗಳೇ ಬೇಕು, ಕೆಲವರಿಗೆ ಪೂರ್ತಿ ಆಗುವುದೇ ಇಲ್ಲ. ನಮ್ಮಲ್ಲಿ ಇವು ಡಾಕ್ಟರ್ ಚೀಟಿ ಇಲ್ಲದೆ ಮಾರಬಾರದ ಔಷಧಿಗಳು. ಮದುವೆಯಾಗಿ ನಾಲ್ಕು ವರ್ಷ ಮಕ್ಕಳಾಗದೆ ಆಸ್ಪತ್ರೆ ಅಲೆದ ಮೇಲೆ ನನ್ನ ಹತ್ತಿರ ಬಂದು "ಅವತ್ತು ನೀವು ಕಪಾಳಕ್ಕೆ ಹೊಡೆದಾದ್ರೂ ಹೇಳಬೇಕಿತ್ತು ಸರ್" ಎಂದವನ ಮುಖ ನನಗೆ ನೆನಪಿದೆ. ಅವತ್ತು ನಾನು ಹೇಳಿದ್ದೆ, ಮೆತ್ತಗೆ ಹೇಳಿದ್ದೆ.

ಹೆಂಗಸ್ರು ಪ್ರೋಟೀನ್ ತಗೊಂಡು ವೇಟ್ ಎತ್ತಿದ್ರೆ ಗಂಡಸ್ರ ಥರ ಆಗ್ತೀವಾ?

ಇಲ್ಲ ಅಕ್ಕ. ಗಂಡಸರಿಗಿರುವ ಟೆಸ್ಟೋಸ್ಟೆರಾನಿನಲ್ಲಿ ಹತ್ತನೇ ಒಂದು ಪಾಲೂ ಹೆಂಗಸರಲ್ಲಿರುವುದಿಲ್ಲ. ಅಷ್ಟು ಸುಲಭವಾಗಿ ತೋಳು ಬರುವುದಾದರೆ ನಮ್ಮ ಹುಡುಗರು ಯಾಕೆ ಅಳುತ್ತಿದ್ದರು? ನಲವತ್ತು ದಾಟಿದವರಿಗೆ ಮೂಳೆ ಗಟ್ಟಿ ಉಳಿಯಲು ಭಾರ ಎತ್ತುವುದು ಬಹಳ ಒಳ್ಳೆಯದು. ಎಲ್ಲರಿಗೂ ಬಡಿಸಿ ಕೊನೆಯಲ್ಲಿ ಉಳಿದ ಸಾರು ಅನ್ನ ಕಲಸಿಕೊಳ್ಳುವ ಅಭ್ಯಾಸ ಮಾತ್ರ ಬಿಡಿ. ಕಾಳು ಮೊಟ್ಟೆ ನಿಮಗೂ ಎತ್ತಿಟ್ಟುಕೊಳ್ಳಿ.

ತೋಟದಲ್ಲಿ ದಿನಾ ಮೂಟೆ ಹೊರ್ತೀವಿ. ಆದ್ರೂ ಬಾಡಿ ಯಾಕೆ ಬರಲ್ಲ?

ದಿನಾ ಅದೇ 50 ಕಿಲೋ ಮೂಟೆ ಹೊತ್ತರೆ ಮೈ ಅದಕ್ಕೆ ಒಗ್ಗಿ ಅಲ್ಲೇ ನಿಲ್ಲುತ್ತದೆ. ಸ್ನಾಯು ಬೆಳೆಯುವುದು ಭಾರವೋ ಸಲವೋ ಮೆಲ್ಲಮೆಲ್ಲಗೆ ಏರಿದಾಗ. ಕಾಫಿ ಕುಯ್ಲಿನ ತಿಂಗಳುಗಳಲ್ಲಿ ವಾರಕ್ಕೆ ಎರಡೇ ದಿನ ಬನ್ನಿ, ಸಾಕು. ಬೆಳಗಿನ ಅಕ್ಕಿರೊಟ್ಟಿಯ ಜೊತೆ ಚಟ್ನಿ ಒಂದೇ ಬೇಡ, ಎರಡು ಮೊಟ್ಟೆಯೋ ಕಾಳುಪಲ್ಯವೋ ಇರಲಿ.

ಬಾಡೂಟ, ಹಂದಿ ಕರಿ, ಹಬ್ಬ?

ತಿನ್ನಿ. ಹಂದಿಯಲ್ಲಿ ಪ್ರೋಟೀನ್ ಚೆನ್ನಾಗಿದೆ, ಕೊಬ್ಬೂ ಅಷ್ಟೇ ಚೆನ್ನಾಗಿದೆ. ಮಾಂಸದ ತುಂಡು ಆರಿಸಿಕೊಂಡು, ಕಡುಬು ಆರರ ಬದಲು ಮೂರು ಹಾಕಿಸಿಕೊಳ್ಳಿ. ಹಾಸನಾಂಬೆ ಬಾಗಿಲು ತೆರೆದಾಗ ಮನೆ ತುಂಬ ನೆಂಟರು, ಆ ವಾರ ತೂಕ ನೋಡಲೇಬೇಡಿ. ಶ್ರಾವಣದಲ್ಲಿ ಮಾಂಸ ಮೊಟ್ಟೆ ಬಿಡುವವರು ಮೇಲಿನ ಸಸ್ಯಾಹಾರಿ ಲೆಕ್ಕಕ್ಕೆ ಬನ್ನಿ.

ಕಾಳು ನೆನೆಸು ಅಂದ್ರೆ ಅಮ್ಮ ಬೈತಾಳೆ. ದಿನಾ ಯಾರು ಮಾಡ್ತಾರೆ ಅಂತಾಳೆ.

ಅವರು ಬೈಯುವುದು ಸರಿಯಾಗಿದೆ, ಬಾಡಿ ಬೇಕಾಗಿರುವುದು ನಿನಗೆ. ಶನಿವಾರ ರಾತ್ರಿ ಅರ್ಧ ಕಿಲೋ ಹುರುಳಿಯನ್ನೋ ಕಡಲೆಯನ್ನೋ ನೀನೇ ನೆನೆಹಾಕು. ಭಾನುವಾರ ಉಪ್ಪು ಹಾಕಿ ಕುಕ್ಕರಿನಲ್ಲಿ ಕಾಳು ಮೆತ್ತಗಾಗುವವರೆಗೆ ಕೂಗಿಸು. ನೀರು ಬಸಿದು ಅಮ್ಮನಿಗೆ ಕೊಡು, ಅವರು ಸಾರು ಮಾಡಿಕೊಳ್ಳುತ್ತಾರೆ. ಕಾಳನ್ನು ಐದು ಚಿಕ್ಕ ಡಬ್ಬಕ್ಕೆ ತುಂಬಿ ಎರಡನ್ನು ಫ್ರಿಜ್ಜಿನಲ್ಲಿ, ಮೂರನ್ನು ಫ್ರೀಜರಿನಲ್ಲಿಡು. ಒಂದೊಂದು ಡಬ್ಬದಲ್ಲಿ 20 ಗ್ರಾಂ ಸುತ್ತಮುತ್ತ ಪ್ರೋಟೀನ್ ಇರುತ್ತದೆ. ತಿನ್ನುವಾಗ ಈರುಳ್ಳಿ, ಹಸಿಮೆಣಸಿನಕಾಯಿ, ನಿಂಬೆರಸ. ನೆನೆಹಾಕುವುದು ಮರೆತ ವಾರ ಹೆಸರುಕಾಳು ತೆಗೆದುಕೋ, ಅದು ನೆನೆಯದೆಯೂ ಬೇಯುತ್ತದೆ.